ರಸ್ತೆ ಸಂಚಾರ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ನಿಯಮ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ದಂಡ. ಆ ನಿಯಮ ಯಾಕೆ ಬಂತು, ಯಾರನ್ನು ಕಾಪಾಡುತ್ತದೆ ಅನ್ನುವ ಮಾತು ಆಮೇಲೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ದಂಡದ ಮೊತ್ತ ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ಹಾಗಾಗಿ ಇಲ್ಲಿ ದಂಡದ ಪಟ್ಟಿ ಕೊಟ್ಟಿಲ್ಲ. ಎಲ್ಲ ಕಡೆಯ ಕಾನೂನಿಗೂ ಬುಡದಲ್ಲಿರುವ ಕಾರಣಗಳನ್ನು ಹೇಳಲು ಹೊರಟಿದ್ದೇನೆ.

ರಸ್ತೆ ನಿಯಮಗಳು ಶುರುವಾಗಿದ್ದು ಯಾವಾಗ?

ಕಾರಿಗಿಂತ ಮೊದಲೇ. 1865ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. ಆಗ ರಸ್ತೆಯಲ್ಲಿ ಓಡುತ್ತಿದ್ದದ್ದು ದೊಡ್ಡ ಉಗಿ ಬಂಡಿಗಳು. ಅವು ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ಜೋರಾಗಿ ಹೋಗುವಂತಿರಲಿಲ್ಲ. ಬಂಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು.

1896ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬವರು ಗಂಟೆಗೆ 8 ಮೈಲಿ ವೇಗದಲ್ಲಿ ಕಾರು ಓಡಿಸಿದರು. ಪೊಲೀಸರೊಬ್ಬರು ಸೈಕಲ್ ತುಳಿದು ಬೆನ್ನಟ್ಟಿ ಅವರನ್ನು ಹಿಡಿದರು. ವೇಗಕ್ಕೆ ದಂಡ ಬಿದ್ದ ಮೊದಲ ಕಾರು ಚಾಲಕ ಅಂತ ಇವತ್ತಿಗೂ ಅವರ ಹೆಸರನ್ನೇ ಹೇಳುತ್ತಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರು ಬಡಿದು ತೀರಿಕೊಂಡರು. ಬ್ರಿಟನ್ನಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಅವರು. ದಂಡ ಮತ್ತು ಸಾವು ಎರಡೂ ಒಂದೇ ವರ್ಷದಲ್ಲಿ ದಾಖಲಾದವು.

ಸಿಗ್ನಲ್ ದೀಪದ ಕಥೆಯೂ ಹಳೆಯದೇ. 1868ರಲ್ಲಿ ಲಂಡನ್ನಿನ ಸಂಸತ್ತಿನ ಹೊರಗೆ ಗ್ಯಾಸಿನಿಂದ ಉರಿಯುವ ಕೆಂಪು, ಹಸಿರು ದೀಪ ನಿಲ್ಲಿಸಿದ್ದರು. ಅದನ್ನು ರೂಪಿಸಿದವರು ರೈಲ್ವೆ ಎಂಜಿನಿಯರ್. ಒಂದೇ ತಿಂಗಳಲ್ಲಿ ಗ್ಯಾಸ್ ಸೋರಿ ದೀಪ ಸಿಡಿಯಿತು, ಅದನ್ನು ನಡೆಸುತ್ತಿದ್ದ ಪೊಲೀಸರಿಗೆ ಗಾಯವಾಯಿತು. ವಿದ್ಯುತ್ ದೀಪದ ಸಿಗ್ನಲ್ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಂದಿದ್ದು 1914ರಲ್ಲಿ.

ಬೇರೆ ದೇಶಕ್ಕೆ ಹೋದರೂ ಅಲ್ಲಿನ ರಸ್ತೆ ಬೋರ್ಡು ಅರ್ಥವಾಗುತ್ತದಲ್ಲ, ಅದು ಹೇಗೆ?

ದೇಶಗಳು ಕೂತು ಒಪ್ಪಂದ ಮಾಡಿಕೊಂಡಿವೆ. 1909ರಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕೇ ನಾಲ್ಕು ಚಿಹ್ನೆಗಳಿಗೆ ಒಪ್ಪಿಗೆ ಸಿಕ್ಕಿತು: ಉಬ್ಬು ತಗ್ಗು, ತಿರುವು, ಕೂಡು ರಸ್ತೆ, ರೈಲ್ವೆ ಗೇಟು. ಆಮೇಲೆ 1949ರಲ್ಲಿ ಜಿನೀವಾ ಒಪ್ಪಂದ, 1968ರಲ್ಲಿ ವಿಯೆನ್ನಾ ಒಪ್ಪಂದ ಬಂದವು. ಪರದೇಶದಲ್ಲಿ ಗಾಡಿ ಓಡಿಸಲು ಬೇಕಾಗುವ ಅಂತರರಾಷ್ಟ್ರೀಯ ಪರ್ಮಿಟ್ ಹುಟ್ಟಿದ್ದೂ ಇಂಥ ಒಪ್ಪಂದಗಳಿಂದಲೇ. ಪ್ರಯಾಣಕ್ಕೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆ ಪರ್ಮಿಟ್ ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ, ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ಬೋರ್ಡಿನ ಆಕಾರವನ್ನೂ ಯೋಚಿಸಿಯೇ ಇಟ್ಟಿದ್ದಾರೆ. 'ನಿಲ್ಲಿ' ಬೋರ್ಡಿಗೆ ಎಂಟು ಮೂಲೆ. 'ದಾರಿ ಬಿಡಿ' ಬೋರ್ಡು ತಲೆಕೆಳಗಾದ ತ್ರಿಕೋನ. ಕೆಸರು ಮೆತ್ತಿ ಅಕ್ಷರ ಕಾಣದಿದ್ದರೂ, ಬೋರ್ಡಿನ ಬೆನ್ನು ಮಾತ್ರ ಕಂಡರೂ, ಆಕಾರ ನೋಡಿ ಗುರುತು ಹಿಡಿಯಬಹುದು. ಎದುರಿನಿಂದ ಬರುವವರಿಗೆ ಯಾವ ಬೋರ್ಡು ಕಾಣುತ್ತಿದೆ ಅನ್ನುವುದು ನಿಮಗೂ ತಿಳಿಯುತ್ತದೆ.

ಎಡಕ್ಕೆ ಹೋಗುವುದು ಸರಿಯಾ, ಬಲಕ್ಕೆ ಹೋಗುವುದಾ?

ಎರಡೂ ಸರಿ, ಎಲ್ಲರೂ ಒಂದೇ ಕಡೆ ಹೋದರೆ. ಸ್ವೀಡನ್ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಎಡದಿಂದ ಬಲಕ್ಕೆ ಬದಲಾಯಿತು. ಹತ್ತು ನಿಮಿಷ ಮೊದಲು ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತು, ಮೆಲ್ಲಗೆ ಆಚೆ ಬದಿಗೆ ಸರಿದು, ಐದಾಗುವ ತನಕ ಕಾದವು. 2009ರಲ್ಲಿ ಸಮೋವಾ ಬಲದಿಂದ ಎಡಕ್ಕೆ ಬಂತು. ಎಡಬದಿ ಸಂಚಾರವಿರುವ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಅಗ್ಗದ ಹಳೆ ಕಾರು ತರಿಸಿಕೊಳ್ಳಲು ಅನುಕೂಲ ಅನ್ನುವುದು ಅದಕ್ಕೆ ಮುಖ್ಯ ಕಾರಣ.

ರಸ್ತೆ ಕಾನೂನಿನ ಜೀವಾಳ ನನಗೆ ಕಾಣುವುದು ಇಲ್ಲೇ. ಎದುರಿನವನು ಮುಂದೆ ಏನು ಮಾಡುತ್ತಾನೆ ಅಂತ ನನಗೆ ಗೊತ್ತಿರಬೇಕು, ನಾನೇನು ಮಾಡುತ್ತೇನೆ ಅಂತ ಅವನಿಗೆ ಗೊತ್ತಿರಬೇಕು. ಇಂಡಿಕೇಟರ್, ಲೇನ್, ಬ್ರೇಕ್ ದೀಪ ಎಲ್ಲವೂ ಮಾತಾಡಲು ಆಗದ ಇಬ್ಬರ ನಡುವಿನ ಮಾತು. ತಪ್ಪು ದಿಕ್ಕಿನಲ್ಲಿ "ಇಲ್ಲೇ ನೂರು ಮೀಟರ್ ತಾನೇ" ಅಂತ ನುಗ್ಗುವವರು ಆ ಮಾತನ್ನೇ ಮುರಿಯುತ್ತಾರೆ. ಅದಕ್ಕೇ ಆ ತಪ್ಪು ಅಷ್ಟು ಅಪಾಯದ್ದು.

ನನಗೆ ಗಾಡಿ ಚೆನ್ನಾಗಿ ಬರುತ್ತದೆ. ವೇಗಮಿತಿ ನನಗೂ ಬೇಕಾ?

ಬೇಕು. ನೀವು ಎಷ್ಟು ನುರಿತವರಾದರೂ ಬ್ರೇಕಿನ ಲೆಕ್ಕ ಬದಲಾಗುವುದಿಲ್ಲ.

ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು ಅಂದುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಗಾಡಿ 14 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಕೆಲಸ ಶುರು ಮಾಡುವುದು ಆಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲುವ ದೂರ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಬ್ರಿಟನ್ನಿನ ಅಧಿಕೃತ ರಸ್ತೆ ನಿಯಮ ಪುಸ್ತಕ ಹೈವೇ ಕೋಡ್‌ನಲ್ಲಿ ಈ ಲೆಕ್ಕವನ್ನೇ ಕಲಿಸುತ್ತಾರೆ: ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸಾಗುವ ದೂರವೂ ಸೇರಿ, 30 ಮೈಲಿ ವೇಗದಲ್ಲಿ ಒಟ್ಟು 23 ಮೀಟರ್ ಬೇಕು, 60 ಮೈಲಿ ವೇಗದಲ್ಲಿ 73 ಮೀಟರ್. ಅದೂ ಒಣ ರಸ್ತೆ, ಒಳ್ಳೆ ಟೈರು ಇದ್ದಾಗ.

ಇನ್ನೊಂದು ಲೆಕ್ಕ ನನ್ನನ್ನು ಬಹಳ ಕಾಡಿದೆ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ. ಒಂದು 50ರಲ್ಲಿ, ಇನ್ನೊಂದು 60ರಲ್ಲಿ. ಮುಂದೆ ಒಂದು ಮಗು ರಸ್ತೆಗೆ ಓಡಿ ಬರುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತುತ್ತಾರೆ. 50ರಲ್ಲಿದ್ದ ಕಾರು ಮಗುವಿನ ಮುಂದೆ ಸರಿಯಾಗಿ ನಿಲ್ಲುತ್ತದೆ ಅಂದುಕೊಳ್ಳಿ. ಅದೇ ಜಾಗಕ್ಕೆ ಬಂದಾಗ ಇನ್ನೊಂದು ಕಾರು ಇನ್ನೂ ಸುಮಾರು 40 ಕಿ.ಮೀ. ವೇಗದಲ್ಲಿರುತ್ತದೆ. ಮೊದಲಿಗೆ ಇಬ್ಬರ ನಡುವೆ ಇದ್ದದ್ದು ಬರೀ ಹತ್ತರ ವ್ಯತ್ಯಾಸ. ಕೊನೆಗೆ ಒಬ್ಬರು ಗಾಬರಿಯಾಗಿ ಉಸಿರು ಬಿಡುತ್ತಾರೆ, ಇನ್ನೊಬ್ಬರು ಜೀವನವಿಡೀ ಆ ದಿನವನ್ನು ಹೊರುತ್ತಾರೆ.

ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಿನ ಮುಂಭಾಗ ಪಾದಚಾರಿಗೆ ಬಡಿದಾಗ, 50 ಕಿ.ಮೀ. ವೇಗಕ್ಕಿಂತ 65ರಲ್ಲಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಜಾಸ್ತಿ.

ಹಾಗಾದರೆ ಊರೊಳಗೆ 30ರ ಮಿತಿ ಅಂತ ಈಗ ಎಲ್ಲ ಕಡೆ ಕೇಳಿಬರುತ್ತಿರುವುದು ಯಾಕೆ?

ಮನುಷ್ಯನ ದೇಹ ತಡೆಯುವುದೇ ಅಷ್ಟು. ಸುಲಭವಾಗಿ ಹೀಗೆ ಯೋಚಿಸಿ. 50 ಕಿ.ಮೀ. ವೇಗ ಅಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬಿದ್ದಾಗ ನೆಲ ಮುಟ್ಟುವ ವೇಗ. 30 ಕಿ.ಮೀ. ಅಂದರೆ ಮೂರೂವರೆ ಮೀಟರ್ ಎತ್ತರದ್ದು. ಮೂರೂವರೆ ಮೀಟರಿನಿಂದ ಬಿದ್ದರೂ ಪೆಟ್ಟಾಗುತ್ತದೆ, ಆದರೆ ಬದುಕುವ ಆಸೆ ಇರುತ್ತದೆ.

2021ರಲ್ಲಿ ಸ್ಪೇನ್ ಹೆಚ್ಚಿನ ನಗರ ರಸ್ತೆಗಳಲ್ಲಿ, ಅಂದರೆ ಆಚೆಗೊಂದು ಈಚೆಗೊಂದು ಲೇನ್ ಇರುವ ಕಡೆ, 30ರ ಮಿತಿ ತಂದಿತು. 2023ರಲ್ಲಿ ವೇಲ್ಸ್ ಜನವಸತಿ ಇರುವ ರಸ್ತೆಗಳಿಗೆ 20 ಮೈಲಿ ಮಿತಿ ಹಾಕಿತು. ಹೆಲ್ಸಿಂಕಿಯ ಅರ್ಧಕ್ಕಿಂತ ಹೆಚ್ಚು ರಸ್ತೆಗಳಲ್ಲಿ ಮಿತಿ 30. 2025ರ ಬೇಸಿಗೆಯ ಹೊತ್ತಿಗೆ ಆ ನಗರ ಪೂರ್ತಿ ಒಂದು ವರ್ಷ ರಸ್ತೆಯಲ್ಲಿ ಒಂದೇ ಒಂದು ಸಾವಿಲ್ಲದೆ ಕಳೆದಿತ್ತು. ಒಂದು ದೇಶದ ರಾಜಧಾನಿಯಲ್ಲಿ ಒಂದು ಇಡೀ ವರ್ಷ! ಈ ಸುದ್ದಿ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಬರೀ ಬೋರ್ಡು ನೆಟ್ಟು ಅವರು ಅದನ್ನು ಸಾಧಿಸಲಿಲ್ಲ. ರಸ್ತೆ ಕಿರಿದು ಮಾಡಿದರು, ಕ್ಯಾಮೆರಾ ಹಾಕಿದರು, ನಡೆಯುವವರಿಗೂ ಸೈಕಲ್ಲಿಗೂ ಜಾಗ ಕೊಟ್ಟರು, ಬಸ್ಸು ಟ್ರಾಮ್ ಚೆನ್ನಾಗಿ ನಡೆಸಿದರು.

ಹಳದಿ ದೀಪ ಬಂದರೆ ಬೇಗ ದಾಟಬೇಕು ಅಲ್ವಾ?

ಅಲ್ಲ. ಹಳದಿ ಅಂದರೆ ನಿಲ್ಲಿ. ಗೆರೆಗೆ ತೀರಾ ಹತ್ತಿರ ಬಂದುಬಿಟ್ಟು, ಈಗ ಬ್ರೇಕ್ ಹಾಕಿದರೆ ಅಪಾಯ ಅನ್ನುವಾಗ ಮಾತ್ರ ದಾಟಬಹುದು. ವಿಯೆನ್ನಾ ಒಪ್ಪಂದದಲ್ಲಿ ಇರುವುದೂ ಇದೇ.

ಜೀಬ್ರಾ ಕ್ರಾಸಿಂಗ್‌ನಲ್ಲಿ ಮೊದಲು ಯಾರು ಹೋಗಬೇಕು?

ಅಲ್ಲಿ ಸಿಗ್ನಲ್ ಇಲ್ಲದಿದ್ದರೆ, ನಡೆದು ದಾಟುವವರು. ಗಾಡಿಯವರು ದಾರಿ ಬಿಡಬೇಕು. ಮುಂದಿನ ಗಾಡಿ ಕ್ರಾಸಿಂಗ್ ಹತ್ತಿರ ನಿಂತಿದ್ದರೆ ಅದನ್ನು ಓವರ್‌ಟೇಕ್ ಮಾಡಲೇಬಾರದು. ಅದು ನಿಂತಿರುವುದು ಯಾರೋ ದಾಟುತ್ತಿದ್ದಾರೆ ಅಂತ, ಆ ಯಾರೋ ನಿಮಗೆ ಕಾಣುತ್ತಿಲ್ಲ.

'ದಾರಿ ನನ್ನ ಹಕ್ಕು' ಅನ್ನುವ ಮಾತು ನಾವು ಜಾಸ್ತಿ ಬಳಸುತ್ತೇವೆ. ಕಾನೂನನ್ನು ಸರಿಯಾಗಿ ಓದಿದರೆ ಹೆಚ್ಚಾಗಿ ಸಿಗುವುದು ಯಾರು ಬಿಟ್ಟುಕೊಡಬೇಕು ಅನ್ನುವ ಮಾತು. ಸರ್ಕಲ್ ಹೊಕ್ಕುವವರು ಒಳಗೆ ಸುತ್ತುತ್ತಿರುವವರಿಗೆ ಬಿಡಬೇಕು. ಬ್ರಿಟನ್ 1966ರಲ್ಲಿ ಈ ನಿಯಮ ತಂದ ಮೇಲೆ, ಗಾಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದ ಸರ್ಕಲ್‌ಗಳು ಸಲೀಸಾಗಿ ಓಡತೊಡಗಿದವು. ತಿರುಗುವವರು ನೇರ ಬರುವವರಿಗೆ ಬಿಡಬೇಕು. ಚಿಕ್ಕ ರಸ್ತೆಯಿಂದ ಬರುವವರು ದೊಡ್ಡ ರಸ್ತೆಯವರಿಗೆ ಬಿಡಬೇಕು.

ನೆದರ್‌ಲ್ಯಾಂಡ್ಸ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮೋಟಾರು ಗಾಡಿಯೊಂದು ಸೈಕಲ್ ಸವಾರರಿಗೋ ಪಾದಚಾರಿಗೋ ಬಡಿದರೆ, ಪರಿಹಾರದ ಹೊಣೆ ಮೊದಲು ಗಾಡಿ ಮಾಲೀಕರ ಮೇಲೆ. ಪೆಟ್ಟಾದವರು 14 ವರ್ಷದೊಳಗಿನ ಮಕ್ಕಳಾದರೆ, ಮಗುವಿನ ತಪ್ಪು ಅಂತ ಹೇಳಿ ಸಾಮಾನ್ಯವಾಗಿ ಪಾರಾಗಲು ಆಗದು. ಭಾರವಾದ ಯಂತ್ರ ತಂದವರು ಹೆಚ್ಚು ಜೋಪಾನವಾಗಿರಬೇಕು ಅನ್ನುವ ಈ ನ್ಯಾಯ ನನಗೆ ಪೂರಾ ಒಪ್ಪಿಗೆ.

ಸ್ವಲ್ಪವೇ ಕುಡಿದರೆ ಓಡಿಸಬಹುದಾ?

ಕಾನೂನು ಅಳೆಯುವುದು ರಕ್ತದಲ್ಲಿರುವ ಆಲ್ಕೋಹಾಲನ್ನು. 100 ಮಿಲಿ ಲೀಟರ್ ರಕ್ತಕ್ಕೆ ಸ್ವೀಡನ್‌ನಲ್ಲಿ ಮಿತಿ 20 ಮಿಲಿಗ್ರಾಂ, ಭಾರತದಲ್ಲಿ 30, ಯುರೋಪಿನ ಬಹಳಷ್ಟು ದೇಶಗಳಲ್ಲಿ 50. ಬ್ರಿಟನ್ 1967ರಲ್ಲಿ ಉಸಿರಿನ ಪರೀಕ್ಷೆ ತಂದಾಗ ಇಟ್ಟ ಮಿತಿ 80. ಸ್ಕಾಟ್ಲೆಂಡ್ 2014ರಲ್ಲಿ ಅದನ್ನು 50ಕ್ಕೆ ಇಳಿಸಿಕೊಂಡಿತು. ಹಂಗೇರಿ, ಜೆಕ್ ದೇಶಗಳಲ್ಲಿ ಸೊನ್ನೆ. ಜರ್ಮನಿಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರಿಗೂ ಸೊನ್ನೆಯೇ.

ಆದರೆ ಈ ಅಂಕಿಗಳನ್ನು 'ಇಷ್ಟು ಕುಡಿಯಬಹುದು' ಅಂತ ಓದಬೇಡಿ. ಒಂದೇ ಗ್ಲಾಸು ಒಬ್ಬೊಬ್ಬರ ರಕ್ತದಲ್ಲಿ ಒಂದೊಂದು ಥರ ಏರುತ್ತದೆ. ತೂಕ, ಊಟ, ಲಿಂಗ, ಕುಡಿದ ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಿತಿ ಮುಟ್ಟುವ ಮೊದಲೇ ಕಣ್ಣಿನ ಅಂದಾಜು ತಪ್ಪತೊಡಗುತ್ತದೆ. ಕಾಫಿ ಕುಡಿದರೆ, ತಣ್ಣೀರು ಸ್ನಾನ ಮಾಡಿದರೆ ಇಳಿಯುವುದಿಲ್ಲ. ಲಿವರ್ ತನ್ನ ಪಾಡಿಗೆ ನಿಧಾನವಾಗಿಯೇ ಕೆಲಸ ಮಾಡುತ್ತದೆ. ರಾತ್ರಿ ಜಾಸ್ತಿ ಕುಡಿದವರು ಬೆಳಗ್ಗೆ ಎದ್ದಾಗಲೂ ಮಿತಿಗಿಂತ ಮೇಲಿರಬಹುದು. ಕುಡಿದರೆ ಕೀಲಿ ಬೇರೆಯವರಿಗೆ ಕೊಡಿ.

ಹ್ಯಾಂಡ್ಸ್‌ಫ್ರೀ ಇದೆಯಲ್ಲ, ಮಾತಾಡಿದರೆ ಏನಾಯಿತು?

ಎಷ್ಟೋ ದೇಶಗಳ ಕಾನೂನು ಕೈಯಲ್ಲಿ ಹಿಡಿದ ಫೋನನ್ನು ಮಾತ್ರ ತಡೆಯುತ್ತದೆ. ಆದರೆ ಹ್ಯಾಂಡ್ಸ್‌ಫ್ರೀ ಹೆಚ್ಚೇನೂ ಸುರಕ್ಷಿತವಲ್ಲ, ಯಾಕೆಂದರೆ ಕೈ ಖಾಲಿಯಾದರೂ ತಲೆ ಖಾಲಿಯಾಗುವುದಿಲ್ಲ. ಪಕ್ಕದಲ್ಲಿ ಕೂತವರು ಮುಂದೆ ಲಾರಿ ಕಂಡರೆ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಇರುವವರಿಗೆ ಆ ಲಾರಿ ಕಾಣುವುದಿಲ್ಲ. ಗಾಡಿ ಓಡಿಸುತ್ತಾ ಫೋನ್ ಬಳಸುವವರಿಗೆ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು. ಮೆಸೇಜ್ ನೋಡುವುದಂತೂ ಇನ್ನೂ ಕೆಟ್ಟದ್ದು: 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ತೆಗೆದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ.

ಹಿಂದಿನ ಸೀಟಿನಲ್ಲಿ ಕೂತವರಿಗೂ ಬೆಲ್ಟ್ ಯಾಕೆ?

ನಾನೂ ಎಷ್ಟೋ ವರ್ಷ ಹಿಂದೆ ಕೂತಾಗ ಬೆಲ್ಟ್ ಹಾಕುತ್ತಿರಲಿಲ್ಲ. ಮುಂದಿನ ಸೀಟು ಕಾಪಾಡುತ್ತದೆ ಅಂತ ನಂಬಿದ್ದೆ. ಆಗುವುದು ಬೇರೆ. ಕಾರು ಗಕ್ಕನೆ ನಿಂತಾಗ ಬೆಲ್ಟ್ ಇಲ್ಲದ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಮುಂದಿನವರ ಬೆನ್ನಿಗೆ ಅಪ್ಪಳಿಸುತ್ತದೆ. ಬೆಲ್ಟ್ ಹಾಕಿ ಕೂತಿದ್ದ ಅವರೂ ಸಾಯಬಹುದು. ಇದು ತಿಳಿದ ದಿನದಿಂದ ಬೆಲ್ಟ್ ಹಾಕದೆ ಕೂತಿಲ್ಲ.

ಈಗ ನಾವು ಬಳಸುವ ಮೂರು ತುದಿಯ ಬೆಲ್ಟನ್ನು ರೂಪಿಸಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಆ ಕಂಪನಿ ಪೇಟೆಂಟನ್ನು ಬೇರೆ ಎಲ್ಲ ಕಾರು ತಯಾರಕರಿಗೂ ಬಳಸಲು ಬಿಟ್ಟುಕೊಟ್ಟಿತು. ಬೆಲ್ಟ್ ಕಡ್ಡಾಯ ಮಾಡಿದ ಮೊದಲ ನಾಡು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರಲ್ಲಿ. ಬೆಲ್ಟ್ ಸಾವಿನ ಅಪಾಯವನ್ನು ಅರ್ಧದಷ್ಟು ಇಳಿಸಬಲ್ಲದು.

ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಲ್ವಾ?

ಸಾಲದು. ಪ್ರೀತಿ ಎಷ್ಟೇ ಇರಲಿ, ಡಿಕ್ಕಿಯ ಆ ಕ್ಷಣದಲ್ಲಿ ಮಗುವಿನ ಭಾರ ಹತ್ತಾರು ಪಟ್ಟಾಗುತ್ತದೆ, ಯಾವ ತೋಳಿಗೂ ಹಿಡಿದಿಡಲು ಆಗದು. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿದರೆ ನಿಮ್ಮ ಭಾರವೇ ಮಗುವನ್ನು ಜಜ್ಜುತ್ತದೆ. ಮಕ್ಕಳ ಸೀಟು ಬೇಕು. ಎಳೆ ಮಕ್ಕಳಿಗೆ ಅದು ಹಿಮ್ಮುಖವಾಗಿರಬೇಕು, ಏಕೆಂದರೆ ಅವರ ತಲೆ ಭಾರ, ಕುತ್ತಿಗೆ ಎಳಸು. ಮಕ್ಕಳ ಸೀಟಿನ ವಿಶ್ವಸಂಸ್ಥೆ ನಿಯಮ 129ರಲ್ಲಿ 15 ತಿಂಗಳ ತನಕ ಹಿಮ್ಮುಖ ಕಡ್ಡಾಯ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಇಡಲೇಬೇಡಿ.

ಹೆಲ್ಮೆಟ್ ಪಟ್ಟಿ ಕಟ್ಟದಿದ್ದರೆ ಏನು?

ತಲೆ ನೆಲಕ್ಕೆ ಬಡಿಯುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ಪೊಲೀಸರ ಕಣ್ಣಿಗೆ ಹೆಲ್ಮೆಟ್ ಇದೆ, ತಲೆಗೆ ಇಲ್ಲ. ಸರಿಯಾಗಿ ಹಾಕಿದ ಹೆಲ್ಮೆಟ್ ಸಾವಿನ ಅಪಾಯವನ್ನು ಆರರಲ್ಲಿ ಒಂದು ಪಾಲಿಗೆ ಇಳಿಸಬಲ್ಲದು, ಮಿದುಳಿನ ಪೆಟ್ಟಿನ ಅಪಾಯವನ್ನು ಶೇ 74ರ ತನಕ ಕಡಿಮೆ ಮಾಡಬಲ್ಲದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಅಮುಕಿಹೋಗಿರುತ್ತದೆ. ಅದನ್ನು ಬದಲಾಯಿಸಿ. ಹಿಂದೆ ಕೂತವರಿಗೂ ಇದೇ ಮಾತು.

ಹಣವಂತರಿಗೆ ದಂಡ ತಾಗುತ್ತದಾ?

ಒಳ್ಳೆ ಪ್ರಶ್ನೆ. ಫಿನ್ಲೆಂಡ್ ಇದಕ್ಕೆ ಉತ್ತರ ಕಂಡುಕೊಂಡಿದೆ. ಅಲ್ಲಿ ಗಂಭೀರ ತಪ್ಪಿಗೆ ದಂಡ ನಿಮ್ಮ ವರಮಾನದ ಮೇಲೆ. 2023ರಲ್ಲಿ 50ರ ಮಿತಿಯಲ್ಲಿ 82ರಲ್ಲಿ ಹೋದ ಒಬ್ಬ ಉದ್ಯಮಿಗೆ 1,21,000 ಯೂರೋ ದಂಡ ಬಿತ್ತು. ಇನ್ನೊಂದು ದಾರಿ ಪಾಯಿಂಟ್ ಪದ್ಧತಿ. ಜರ್ಮನಿಯಲ್ಲಿ ಒಂದೊಂದು ತಪ್ಪಿಗೂ ಪಾಯಿಂಟ್ ಸೇರುತ್ತಾ ಹೋಗಿ, ಎಂಟಾದರೆ ಲೈಸೆನ್ಸ್ ಹೋಗುತ್ತದೆ. ದುಡ್ಡು ಕೊಟ್ಟು ಪಾಯಿಂಟ್ ಅಳಿಸಲು ಆಗದು.

ದಂಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಸಿಕ್ಕಿಬೀಳುವುದು ಎಷ್ಟು ಖಾತ್ರಿ ಅನ್ನುವುದೇ ಜನರನ್ನು ಬದಲಿಸುತ್ತದೆ ಅನ್ನುವುದು ನನ್ನ ನಂಬಿಕೆ. ವರ್ಷಕ್ಕೊಮ್ಮೆ ಬೀಳುವ ಭಾರಿ ದಂಡಕ್ಕಿಂತ, ದಿನವೂ ಕೆಲಸ ಮಾಡುವ ಕ್ಯಾಮೆರಾ ಮೇಲು.

ಅಪಘಾತಕ್ಕೆಲ್ಲ ಚಾಲಕರ ತಪ್ಪೇ ಕಾರಣ ತಾನೇ?

ಬಹುಪಾಲು ಅಪಘಾತಗಳಲ್ಲಿ ಮನುಷ್ಯನ ತಪ್ಪು ಇದ್ದೇ ಇರುತ್ತದೆ. ಆದರೆ ವಿಚಾರ ಅಲ್ಲಿಗೇ ಮುಗಿಯಬಾರದು. ಸ್ವೀಡನ್ ಸಂಸತ್ತು 1997ರಲ್ಲಿ 'ವಿಷನ್ ಜೀರೋ' ಅನ್ನುವ ನೀತಿಗೆ ಒಪ್ಪಿಗೆ ಕೊಟ್ಟಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗಬಾರದು ಅನ್ನುವುದು ಅದರ ತಿರುಳು. ಹೊಣೆ ರಸ್ತೆ ಕಟ್ಟುವವರ ಮೇಲೂ ಇದೆ, ಗಾಡಿ ಮಾಡುವವರ ಮೇಲೂ ಇದೆ. ಎದುರುಬದುರು ಡಿಕ್ಕಿ ಆಗುವ ಕಡೆ ನಡುವೆ ತಡೆ ಹಾಕಿ. ಕೂಡು ರಸ್ತೆಯಲ್ಲಿ ಜನ ಸಾಯುತ್ತಿದ್ದರೆ ಸರ್ಕಲ್ ಮಾಡಿ. ಒಂದೇ ತಿರುವಿನಲ್ಲಿ ಐದು ಜನ ಬಿದ್ದರೆ ಐವರೂ ಅಜಾಗರೂಕರು ಅನ್ನುವ ಮೊದಲು ಆ ತಿರುವನ್ನು ಹೋಗಿ ನೋಡಿ.

2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸುಮಾರು 11 ಲಕ್ಷ 90 ಸಾವಿರ ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಡೆಯುವವರು, ಸೈಕಲ್ ಸವಾರರು, ಬೈಕ್ ಸವಾರರು. 5ರಿಂದ 29 ವರ್ಷದವರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುತ್ತಿರುವುದು ರಸ್ತೆ ಅಪಘಾತ. 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವುದು ವಿಶ್ವಸಂಸ್ಥೆಯ ಗುರಿ.

ತಾನೇ ಓಡುವ ಕಾರು ಬಂದರೆ ಹೊಣೆ ಯಾರದು?

ವಿಯೆನ್ನಾ ಒಪ್ಪಂದ ಬರೆದ ಕಾಲದಲ್ಲಿ ಪ್ರತಿ ಗಾಡಿಗೂ ಒಬ್ಬ ಚಾಲಕ ಇರಲೇಬೇಕಿತ್ತು. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಆಯಾ ದೇಶದ ಕಾನೂನು ಒಪ್ಪಿದರೆ ಯಂತ್ರವೇ ಓಡಿಸಲು ದಾರಿ ಮಾಡಿದೆ. ಆದರೆ ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಕಾರುಗಳಲ್ಲಿ ಇರುವುದು ಬರೀ ನೆರವು. ಸ್ಟಿಯರಿಂಗ್ ಹಿಂದೆ ಕೂತವರೇ ಕಣ್ಣಿಟ್ಟಿರಬೇಕು, ಹೊಣೆಯೂ ಅವರದೇ.

ಕಣ್ಣೆದುರು ಅಪಘಾತವಾದರೆ ಕಾನೂನು ಏನು ಹೇಳುತ್ತದೆ? ಸಹಾಯಕ್ಕೆ ಹೋದರೆ ಕೇಸು, ಕೋರ್ಟು ಅಂತ ಸಿಕ್ಕಿಕೊಳ್ಳುವುದಿಲ್ವಾ?

ಅಪಘಾತದಲ್ಲಿ ನಿಮ್ಮ ಗಾಡಿಯೂ ಇದ್ದರೆ ನಿಲ್ಲಲೇಬೇಕು. ಗಾಯಾಳುವಿಗೆ ನೆರವಾಗಬೇಕು, ಪೊಲೀಸರಿಗೆ ತಿಳಿಸಬೇಕು, ನಿಮ್ಮ ಗುರುತು ಹೇಳಬೇಕು. ಓಡಿಹೋಗುವುದು ಬೇರೆಯದೇ ಅಪರಾಧ.

ನೋಡುತ್ತಿದ್ದವರಾದರೆ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಆಗುವಷ್ಟು ನೆರವು ಕೊಡದೆ ಹೋಗುವುದೇ ಅಪರಾಧ. ಭಾರತದ ಕಾನೂನು ಇನ್ನೊಂದು ಕಡೆಯಿಂದ ಬಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್, ಒಳ್ಳೆ ಮನಸ್ಸಿನಿಂದ ನೆರವಾದವರನ್ನು ಕಾಪಾಡುತ್ತದೆ. ಗಾಯಾಳುವಿಗೆ ಏನಾದರೂ ಆದರೆ ಅದನ್ನು ಅವರ ತಲೆಗೆ ಕಟ್ಟುವಂತಿಲ್ಲ. ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಈ ಭಯದಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಿದ್ದರು, ಅದಕ್ಕೇ ಈ ಸೆಕ್ಷನ್ ಬಗ್ಗೆ ಎಲ್ಲರಿಗೂ ಹೇಳಿ.

ಅಲ್ಲಿ ಹೋದಾಗ ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ಎಚ್ಚರಿಸಿ. ನಿಮ್ಮ ಗಾಡಿಯ ನಾಲ್ಕೂ ಇಂಡಿಕೇಟರ್ ಹಾಕಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಜಾಗ ಯಾವುದು, ಎಷ್ಟು ಜನ ಅಂತ ಹೇಳಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆಂಕಿಯ ಅಪಾಯ ಇಲ್ಲದಿದ್ದರೆ ಎತ್ತಿ ಎಳೆಯಬೇಡಿ. ಬೈಕ್ ಸವಾರರಾದರೆ, ಉಸಿರಾಡಲು ಕಷ್ಟವಾಗುತ್ತಿದ್ದರೆ ಮಾತ್ರ ಹೆಲ್ಮೆಟ್ ಬಿಚ್ಚಿ, ಇಲ್ಲದಿದ್ದರೆ ಬೇಡ. ನೀರು ಕುಡಿಸಬೇಡಿ. ಪಕ್ಕದಲ್ಲಿ ಕೂತು, ಆಂಬುಲೆನ್ಸ್ ಬರುತ್ತಿದೆ ಅಂತ ಅವರಿಗೆ ಹೇಳುತ್ತಾ ಇರಿ.